ಆಟದ ಬಯಲೂ ಸಮಾಜದ ಚರಿತ್ರೆಯೂ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವವರು ಅರಸರು, ಮಂತ್ರಿಗಳು, ಸೇನಾಪತಿಗಳು. ಆಟವೆಂದೊಡನೆ ನೆನಪಾಗುವುದು ಸಾಯಂಕಾಲದ ಬಿಡುವು. ಇವೆರಡಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆಶ್ಚರ್ಯಪಡತಕ್ಕದ್ದಿಲ್ಲ. ಒಮ್ಮೆ ತರಗತಿಯಲ್ಲಿ ನಾವು, ತಾಮ್ರಶಾಸನವೊಂದನ್ನು ಓದುವಷ್ಟೇ ಶ್ರದ್ಧೆಯಿಂದ ಕ್ರಿಕೆಟ್ ಪಂದ್ಯವೊಂದರ ವೃತ್ತಾಂತವನ್ನೂ ಓದಬಹುದೆಂದು ಹೇಳಿದಾಗ ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಒಬ್ಬ ವಿದ್ಯಾರ್ಥಿ ನಿಂತುಕೊಂಡು, “ಹಾಗಾದರೆ ಸಾರ್, ಪರೀಕ್ಷೆಯಲ್ಲಿ ಯಾರು ಎಷ್ಟು ರನ್ನು ಹೊಡೆದರೆಂದು ಕೇಳುತ್ತೀರೋ?” ಎಂದ. ಮಾತು ತಮಾಷೆಯದಾದರೂ ಅದರಲ್ಲಿ ತಿರುಳಿತ್ತು. ಎಷ್ಟು ರನ್ನು, ಎಷ್ಟು ವಿಕೆಟ್ಟು, ಯಾರಿಗೆ ಜಯ ಎಂಬಿಷ್ಟನ್ನೇ ಬರೆದಿಟ್ಟರೆ ಅದು ಲೆಕ್ಕದ ಪುಸ್ತಕವಾದೀತೇ ಹೊರತು ಚರಿತ್ರೆಯಾಗಲಾರದು. ಬಯಲಿಗಿಳಿಯಲು ಯಾರಿಗೆ ಅಪ್ಪಣೆಯಿತ್ತು, ಯಾರು ಬೇಲಿಯ ಹೊರಗೆ ನಿಂತರು, ಬಯಲನ್ನು ಗುಡಿಸಿ ಉರುಳೆಯೆಳೆದು ಸಮಮಾಡಿದ ಕೈ ಯಾರದು, ಆಟ ಮುಗಿದ ಮೇಲೆ ಯಾರು ಯಾರೊಡನೆ ಕುಳಿತು ಉಂಡರು ಎಂದು ಕೇಳತೊಡಗಿದಾಗ ಚರಿತ್ರೆ ಮೊದಲಾಗುತ್ತದೆ.

ವಿದ್ವಾಂಸರು ಆಟಪಾಟಗಳ ಕಡೆಗೆ ಕಣ್ಣುಹಾಯಿಸಿದ್ದು ತೀರ ಹೊಸ ಸಂಗತಿಯೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವರ್ಗಗಳು, ಅವರ ಸಾಧನೆ, ಅವರ ಕಾಳಗ ಮುಂತಾದ ವಿಷಯಗಳು ವಿಸ್ತಾರವಾಗಿಯೇ ಬಂದಿವೆ. ಆದರೆ ಅದು ಅರಸನ ವಿನೋದದ ಕಣ್ಣಿನಿಂದ ಕಂಡ ಆಟ. ಸಮಾಜದ ಕಣ್ಣಿನಿಂದ ಆಟವನ್ನು ನೋಡುವ ಶಾಸ್ತ್ರ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೩೮ ರಲ್ಲಿ ಹಾಲೆಂಡಿನ ಯೋಹಾನ್ ಹೌಸಿಂಗಾ ಎಂಬ ಇತಿಹಾಸಕಾರರು ‘ಹೋಮೋ ಲೂಡೆನ್ಸ್’ ಎಂಬ ಗ್ರಂಥದಲ್ಲಿ, ಆಟವು ಸಂಸ್ಕೃತಿಯ ಒಂದು ಅಲಂಕಾರವಲ್ಲ, ಸಂಸ್ಕೃತಿಯೇ ಆಟದ ಗುಣವನ್ನು ಪಡೆದು ಬೆಳೆದುದೆಂದು ವಾದಿಸಿದರು. ೧೯೭೮ ರಲ್ಲಿ ಅಮೆರಿಕದ ಅಲೆನ್ ಗಟ್‌ಮನ್ ಅವರು, ದೇವರಿಗಾಗಿ ಆಡುತ್ತಿದ್ದ ಆಟವು ದಾಖಲೆಗಾಗಿ ಆಡುವ ಆಟವಾಗಿ ಮಾರ್ಪಟ್ಟ ಬಗೆಯನ್ನು ವಿವರಿಸಿದರು. ೧೯೮೧ ರಲ್ಲಿ ಜೆ. ಎ. ಮ್ಯಾಂಗನ್ ಅವರು ಇಂಗ್ಲೆಂಡಿನ ಸಿರಿವಂತರ ಶಾಲೆಗಳಲ್ಲಿ ಆಟವೆಂಬುದು ಒಂದು ಮತದಂತೆ ಬೇರೂರಿದ ಕಥೆಯನ್ನು ಹೇಳಿದರು. ಇವರೆಲ್ಲರ ಶ್ರಮದಿಂದ ಆಟದ ಚರಿತ್ರೆಯು ವಿಶ್ವವಿದ್ಯಾನಿಲಯಗಳ ಬಾಗಿಲನ್ನು ದಾಟಿ ಒಳಗೆ ಬಂದಿತು.

ಈ ಶಾಸ್ತ್ರದ ಸಿದ್ಧಾಂತಗಳನ್ನೆಲ್ಲ ಇಲ್ಲಿ ವಿವರಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಆಟವನ್ನು ಹಿಡಿದುಕೊಂಡು, ಒಂದೇ ಪ್ರಶ್ನೆಯನ್ನು ಕೇಳೋಣ. ಆಟ ಕ್ರಿಕೆಟ್ಟು, ಪ್ರಶ್ನೆಯೆಂದರೆ, ಚೆಂಡನ್ನೆಸೆದವರು ಯಾರು, ತಂಡವನ್ನಾಳಿದವರು ಯಾರು ಎಂಬುದು.

ಮೊದಲು ಆ ಆಟದ ತವರನ್ನೇ ನೋಡೋಣ. ಇಂಗ್ಲೆಂಡಿನಲ್ಲಿ ೧೮೦೬ ರಿಂದ ‘ಜಂಟಲ್‌ಮೆನ್’ ಮತ್ತು ‘ಪ್ಲೇಯರ್ಸ್’ ಎಂಬ ಎರಡು ತಂಡಗಳ ನಡುವೆ ಪಂದ್ಯ ನಡೆಯುತ್ತಿತ್ತು. ಸಂಬಳವಿಲ್ಲದೆ ವಿನೋದಕ್ಕಾಗಿ ಆಡುವ ಸ್ಥಿತಿವಂತರು ಮೊದಲನೆಯವರು; ಕೂಲಿಗಾಗಿ ಆಡುವ ಕೆಲಸಗಾರರು ಎರಡನೆಯವರು. ಒಂದೇ ತಂಡದಲ್ಲಿ ಒಟ್ಟಾಗಿ ಆಡಿದ ದಿನಗಳಲ್ಲಿಯೂ ಇವರು ಅನೇಕ ಕಡೆ ಬಟ್ಟೆ ಬದಲಿಸುವ ಕೋಣೆ ಬೇರೆ, ಬಯಲಿಗಿಳಿಯುವ ಬಾಗಿಲು ಬೇರೆ. ಅಚ್ಚುಮಾಡಿದ ಆಟದ ಪಟ್ಟಿಯಲ್ಲಿ ಹೆಸರನ್ನು ಬರೆಯುವ ರೀತಿಯೂ ಬೇರೆ: ದೊಡ್ಡಮನುಷ್ಯರಿಗೆ ಹೆಸರಿನ ಮೊದಲಕ್ಷರಗಳು ಮುಂದೆ, ಕೂಲಿಯವರಿಗೆ ಹಿಂದೆ. ಬಿಸಿಲಿನಲ್ಲಿ ದಿನವಿಡೀ ಚೆಂಡೆಸೆಯುವ ದುಡಿಮೆ ಬಹುಮಟ್ಟಿಗೆ ಕೂಲಿಯವರ ಪಾಲಿಗೆ ಬಂದಿತು. ನಾಯಕತ್ವ ಮಾತ್ರ ಸಾಮಾನ್ಯವಾಗಿ ದೊಡ್ಡಮನುಷ್ಯರದು. ಇಪ್ಪತ್ತನೆಯ ಶತಮಾನದಲ್ಲಿ ಕೂಲಿಯ ಆಟಗಾರನೊಬ್ಬನನ್ನು ಇಂಗ್ಲೆಂಡಿನ ತಂಡಕ್ಕೆ ಕ್ರಮವಾಗಿ ನಾಯಕನನ್ನಾಗಿ ನೇಮಿಸಲು ಆ ದೇಶ ೧೯೫೨ ರವರೆಗೆ ಕಾಯಬೇಕಾಯಿತು. ಆ ವರ್ಷ ಭಾರತದ ತಂಡದೆದುರು ಲೆನ್ ಹಟನ್ ಅವರು ಆ ಪಟ್ಟವನ್ನು ಪಡೆದರು. ಮತ್ತೆ ಹತ್ತು ವರ್ಷಗಳಾದ ಮೇಲೆ, ೧೯೬೨ ರಲ್ಲಿ, ಈ ಎರಡು ಪಂಕ್ತಿಗಳ ಭೇದವನ್ನೇ ತೆಗೆದುಹಾಕಲಾಯಿತು. ಅಲ್ಲಿ ಬಯಲನ್ನು ಎರಡಾಗಿ ಸೀಳಿದ್ದು ಅಂತಸ್ತು.

ಇಂಗ್ಲೆಂಡಿನವರು ಈ ಆಟವನ್ನು ಸಮುದ್ರದಾಚೆಯ ತಮ್ಮ ವಸಾಹತುಗಳಿಗೂ ಕೊಂಡೊಯ್ದರಷ್ಟೆ. ಅಲ್ಲಿ ಅಂತಸ್ತಿನ ಜಾಗದಲ್ಲಿ ಮೈಬಣ್ಣ ಬಂದು ಕುಳಿತಿತು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ೧೯೦೧ ರಲ್ಲಿ ಹುಟ್ಟಿದ ಸಿ. ಎಲ್. ಆರ್. ಜೇಮ್ಸ್ ಎಂಬ ಕರಿಯ ಜನಾಂಗದ ಲೇಖಕರು ೧೯೬೩ ರಲ್ಲಿ ‘ಬಿಯಾಂಡ್ ಎ ಬೌಂಡರಿ’ ಎಂಬ ಗ್ರಂಥವನ್ನು ಬರೆದರು. ಆಟದ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಪುಸ್ತಕ ವಿರಳವೆಂದೇ ನಮ್ಮ ಅಭಿಪ್ರಾಯ. ಅವರ ಯೌವನದಲ್ಲಿ ಆ ದ್ವೀಪದ ಕ್ರಿಕೆಟ್ ಸಂಘಗಳೆಲ್ಲ ಬಣ್ಣದ ಮೆಟ್ಟಿಲುಗಳಂತಿದ್ದುವು. ಬಿಳಿಯ ಧನಿಕರಿಗೆ ಒಂದು, ಕಂದುಬಣ್ಣದ ಮಧ್ಯಮವರ್ಗಕ್ಕೆ ಇನ್ನೊಂದು, ಕರಿಯ ಮೇಷ್ಟರು ಗುಮಾಸ್ತರಿಗೆ ಮತ್ತೊಂದು. ತಾವು ಕರಿಯರಾಗಿದ್ದರೂ ವಿದ್ಯೆಯ ಬಲದಿಂದ ಕಂದುಬಣ್ಣದವರ ಸಂಘವನ್ನು ಸೇರಿದುದನ್ನೂ, ಅದರಿಂದ ತಮ್ಮ ಜನರಿಂದಲೇ ದೂರವಾದುದನ್ನೂ ಜೇಮ್ಸ್ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಮುಂದೆ ಪತ್ರಿಕಾಸಂಪಾದಕರಾಗಿ ಅವರು ನಡೆಸಿದ ಹೋರಾಟದ ಗುರಿ ಒಂದೇ: ವೆಸ್ಟ್ ಇಂಡೀಸ್ ತಂಡಕ್ಕೆ ಕರಿಯನೊಬ್ಬ ನಾಯಕನಾಗಬೇಕು. ೧೯೬೦ ರಲ್ಲಿ ಆಸ್ಟ್ರೇಲಿಯದ ಪ್ರವಾಸಕ್ಕೆ ಫ್ರಾಂಕ್ ವೊರೆಲ್ ಅವರು ನಾಯಕರಾದಾಗ ಅದು ಫಲಿಸಿತು. ಒಂದು ಪೂರ್ತಿ ಸರಣಿಗೆ ಕರಿಯ ನಾಯಕನೊಬ್ಬ ದೊರೆತದ್ದು ಅದೇ ಮೊದಲು.

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿ ಈ ಆಟವನ್ನು ಮೊದಲು ಕೈಗೆತ್ತಿಕೊಂಡವರು ಮುಂಬಯಿಯ ಪಾರಸಿಗಳು. ಅವರ ಮೊದಲ ಸಂಘ ಹುಟ್ಟಿದ್ದು ೧೮೪೮ ರಲ್ಲಿ. ಅನಂತರ ಹಿಂದೂಗಳೂ ಮುಸಲ್ಮಾನರೂ ಅವರ ಹಾದಿ ಹಿಡಿದರು. ಮತಕ್ಕೊಂದು ಜಿಮಖಾನೆ, ಮತಕ್ಕೊಂದು ತಂಡ ಎಂಬುದು ಮುಂಬಯಿಯ ಕಟ್ಟುಪಾಡಾಯಿತು. ಯೂರೋಪಿಯನ್ನರಿಗೂ ಪಾರಸಿಗಳಿಗೂ ನಡೆಯುತ್ತಿದ್ದ ಪಂದ್ಯಕ್ಕೆ ೧೯೦೭ ರಲ್ಲಿ ಹಿಂದೂಗಳು ಸೇರಿ ಅದು ತ್ರಿಕೋನ ಸ್ಪರ್ಧೆಯಾಯಿತು. ೧೯೧೨ ರಲ್ಲಿ ಮುಸಲ್ಮಾನರು ಸೇರಿ ಚತುಷ್ಕೋನವಾಯಿತು. ೧೯೩೭ ರಲ್ಲಿ ಉಳಿದವರೆಲ್ಲರಿಗೂ ಒಂದು ತಂಡವಾಗಿ ಪಂಚಕೋನವಾಯಿತು. ಈ ಹಂಚಿಕೆ ಹೊರಗಿನವರ ಕಣ್ಣಿಗೆ ಕಾಣುವಂಥದು. ಆದರೆ ಹಿಂದೂ ತಂಡದ ಒಳಗೇ ಇನ್ನೊಂದು ಗೆರೆಯಿತ್ತು. ಆ ಗೆರೆಯನ್ನು ಕಾಣಬೇಕಾದರೆ ಪಾಲವಣಕರ ಬಾಳೂ ಅವರ ಜೀವಿತವನ್ನು ನೋಡಬೇಕು.

ಬಾಳೂ ಅವರು ಹುಟ್ಟಿದ್ದು ೧೮೭೬ ರಲ್ಲಿ, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಲವಣ ಗ್ರಾಮ. ಚರ್ಮದ ಕೆಲಸಮಾಡುವ, ಅಂದು ಅಸ್ಪೃಶ್ಯವೆಂದೆಣಿಸಲಾಗಿದ್ದ ಚಾಂಭಾರ ಜಾತಿಯವರು. ತಂದೆ ಸೈನ್ಯದ ಕೆಲಸದಲ್ಲಿದ್ದುದರಿಂದ ಬಾಲ್ಯವನ್ನು ಪುಣೆಯಲ್ಲಿ ಕಳೆದರು. ಅಲ್ಲಿ ಪಾರಸಿಗಳ ಕ್ರಿಕೆಟ್ ಸಂಘದಲ್ಲಿ ಬಯಲನ್ನು ಗುಡಿಸಿ ಉರುಳೆಯೆಳೆಯುವ ಕೆಲಸ ದೊರೆಯಿತು. ತಿಂಗಳಿಗೆ ೩ ರೂಪಾಯಿ ಸಂಬಳ. ಅಲ್ಲಿಂದ ಯೂರೋಪಿಯನ್ನರ ಪೂನಾ ಜಿಮಖಾನೆಗೆ ಹೋದಾಗ ಅದು ೪ ರೂಪಾಯಿಯಾಯಿತು. ಸಾಹೇಬರ ಅಭ್ಯಾಸಕ್ಕಾಗಿ ಎಡಗೈಯಿಂದ ನಿಧಾನವಾದ ತಿರುಗುಚೆಂಡುಗಳನ್ನೆಸೆಯುವುದು ಅವರ ನಿತ್ಯದ ಕೆಲಸವಾಯಿತು. ಗ್ರೆಗ್ ಎಂಬ ಹೆಸರಾಂತ ಆಂಗ್ಲ ಆಟಗಾರನು ಪ್ರತಿದಿನವೂ ಇತರರಿಗಿಂತ ಮುಂಚೆ ಬಂದು ಇವರ ಚೆಂಡನ್ನೆದುರಿಸುತ್ತಿದ್ದನೆಂದೂ, ತನ್ನನ್ನು ಒಂದು ಸಲ ಔಟುಮಾಡಿದರೆ ಎಂಟಾಣೆ ಕೊಡುತ್ತಿದ್ದನೆಂದೂ ಹೇಳುವುದುಂಟು. ಆದರೆ ಗಂಟೆಗಟ್ಟಲೆ ಚೆಂಡನ್ನೆಸೆದ ಈ ಹುಡುಗನ ಕೈಗೆ ಬ್ಯಾಟನ್ನು ಕೊಟ್ಟು ಆಡೆಂದವರು ಆ ಸಂಘದಲ್ಲಿ ಒಬ್ಬರೂ ಇರಲಿಲ್ಲ. ಚೆಂಡೆಸೆಯುವುದು ಸೇವೆ, ಬ್ಯಾಟು ಹಿಡಿಯುವುದು ದೊರೆತನ ಎಂಬ ಇಂಗ್ಲೆಂಡಿನ ಕಟ್ಟಳೆಯೇ ಇಲ್ಲಿಯೂ ನಡೆಯುತ್ತಿತ್ತು.

ಪುಣೆಯ ಹಿಂದೂಗಳು ಯೂರೋಪಿಯನ್ನರನ್ನು ಸೋಲಿಸಬೇಕೆಂದು ಹೊರಟಾಗ ಪ್ರಶ್ನೆ ಎದ್ದಿತು. ಊರಿನಲ್ಲಿ ಬಾಳೂ ಅವರಿಗಿಂತ ಮೇಲಾದ ಬೌಲರ್ ಇರಲಿಲ್ಲ. ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣ ಆಟಗಾರರು ಮುಟ್ಟುವುದು ಹೇಗೆ? ತಂಡದಲ್ಲಿಯೇ ಒಡಕು ಮಾತು ಹುಟ್ಟಿತು. ಕೊನೆಗೆ ಗೆಲ್ಲಬೇಕೆಂಬ ಆಸೆಯೇ ಗೆದ್ದು ಬಾಳೂ ಅವರನ್ನು ಸೇರಿಸಿಕೊಂಡರು. ಬಯಲಿನಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಚಹದ ವಿರಾಮ ಬಂದಾಗ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲುಗಳಲ್ಲಿ ಚಹ ಕುಡಿದರೆ, ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟಕ್ಕೆ ಬೇರೆ ಮೇಜು, ಬೇರೆ ತಟ್ಟೆ.

ಶ್ರೋತೃಗಳು ಈ ಚಿತ್ರವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಆ ದಿನದ ಆಟದ ಪಟ್ಟಿಯನ್ನು ನೋಡಿದರೆ ಬಾಳೂ ಎಂಬ ಹೆಸರೂ ಅದರೆದುರಿಗೆ ವಿಕೆಟ್ಟುಗಳ ಸಂಖ್ಯೆಯೂ ಕಂಡಾವು. ಮಣ್ಣಿನ ಕುಡಿಕೆ ಅಲ್ಲಿ ಕಾಣದು. ಪಟ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಅರ್ಧವನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹುಡುಕುವುದೇ ಆಟದ ಚರಿತ್ರಕಾರನ ಕೆಲಸ.

ಪುಣೆಯಿಂದ ಮುಂಬಯಿಗೆ ಬಂದ ಮೇಲೆ ಬಾಳೂ ಅವರ ಕೀರ್ತಿ ಬೆಳೆಯಿತು. ಅವರನ್ನು ಬಹಿರಂಗವಾಗಿ ಮನ್ನಿಸಿದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಬಾಲಗಂಗಾಧರ ಟಿಳಕರೂ ಇದ್ದರು. ೧೯೦೬ ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯೂರೋಪಿಯನ್ನರನ್ನು ಸೋಲಿಸಿದಾಗ ಬಾಳೂ ಅವರೊಡನೆ ತಮ್ಮ ಶಿವರಾಮನೂ ತಂಡದಲ್ಲಿದ್ದನು. ಆ ವೇಳೆಗೆ ಮುಂಬಯಿಯ ಹಿಂದೂ ಜಿಮಖಾನೆಯಲ್ಲಿ ಈ ಅಣ್ಣತಮ್ಮಂದಿರು ಇತರ ಆಟಗಾರರೊಡನೆ ಕುಳಿತು ಉಣ್ಣುವಂತಾಗಿತ್ತು. ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆಯು ಈ ಸಹಭೋಜನವನ್ನು ಗೆಲವಿಗಿಂತಲೂ ದೊಡ್ಡ ಸಂಗತಿಯೆಂಬಂತೆ ಕೊಂಡಾಡಿತು. ೧೯೧೧ ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ತಂಡ ಸೋತ ಪಂದ್ಯಗಳೇ ಹೆಚ್ಚು. ಆದರೆ ಮೂವತ್ತೈದರ ವಯಸ್ಸಿನ ಬಾಳೂ ಅವರು ಆ ಒಂದು ಬೇಸಗೆಯಲ್ಲಿ ೧೧೪ ವಿಕೆಟ್ಟುಗಳನ್ನು ಪಡೆದರು. ಈ ಪ್ರವಾಸದ ವಿಷಯವನ್ನೇ ಹಿಡಿದು ಪ್ರಶಾಂತ ಕಿದಂಬಿ ಎಂಬ ಇತಿಹಾಸಕಾರರು ೧೯೧೯ ರಲ್ಲಲ್ಲ, ನೂರು ವರ್ಷಗಳೇ ಕಳೆದ ಮೇಲೆ, ೨೦೧೯ ರಲ್ಲಿ, ‘ಕ್ರಿಕೆಟ್ ಕಂಟ್ರಿ’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದರೆಂಬುದು ಗಮನಿಸತಕ್ಕ ಮಾತು. ಅಷ್ಟು ಕಾಲ ಆ ಬೇಸಗೆಯ ಕಥೆ ಬರಿಯ ಸಂಖ್ಯೆಯಾಗಿ ಮಲಗಿತ್ತು.

ಚೆಂಡಾಯಿತು, ಊಟದ ಮೇಜಾಯಿತು, ಉಳಿದದ್ದು ನಾಯಕತ್ವ. ಅಲ್ಲಿ ಗೆರೆ ಗಟ್ಟಿಯಾಗಿತ್ತು. ಆಟದಲ್ಲಿಯೂ ಅನುಭವದಲ್ಲಿಯೂ ಬಾಳೂ ಅವರಿಗೆ ಸಲ್ಲತಕ್ಕ ಪಟ್ಟವು ವರ್ಷವರ್ಷವೂ ಮೇಲುಜಾತಿಯವರೊಬ್ಬರಿಗೆ ಸಲ್ಲುತ್ತಿತ್ತು. ನಾಯಕರಾಗಿದ್ದ ಎಂ. ಡಿ. ಪೈ ಅವರೇ ಒಮ್ಮೆ, ಈ ಗೌರವ ನ್ಯಾಯವಾಗಿ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಒಪ್ಪಿಕೊಂಡರು. ೧೯೨೦ ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ಪೈ ಅವರ ಸ್ಥಾನಕ್ಕೆ ಬೇರೊಬ್ಬರನ್ನು ತಂದಾಗ, ತಮ್ಮಂದಿರಾದ ಶಿವರಾಮ ವಿಠಲರು ತಾವು ಆಡುವುದಿಲ್ಲವೆಂದು ಹಿಂದೆ ಸರಿದರು. ಅದಕ್ಕೆ ಕಾರಣ ಜಾತಿಯೇ ಎಂದು ಬಹಿರಂಗವಾಗಿ ಸಾರಿದರು. ಪತ್ರಿಕೆಗಳಲ್ಲಿ ವಾದವಿವಾದಗಳಾದುವು. ಕಡೆಯ ಪಂದ್ಯದ ವೇಳೆಗೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆತಂದರು; ಪೈ ಅವರು ಬಯಲಿನಿಂದ ಹೊರಗಿದ್ದಷ್ಟು ಹೊತ್ತು ಬಾಳೂ ಅವರು ತಂಡವನ್ನು ನಡೆಸಿದರು. ನಲವತ್ತು ದಾಟಿದ ಆ ಹಿರಿಯ ಆಟಗಾರರಿಗೆ ದೊರೆತ ನಾಯಕತ್ವ ಅಷ್ಟೇ. ೧೯೨೩ ರಲ್ಲಿ ತಮ್ಮ ವಿಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷ ತಂಡ ಯೂರೋಪಿಯನ್ನರನ್ನು ಸೋಲಿಸಿದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನು ಗುಡಿಸಿದ ಬಯಲಿನಿಂದ ತಮ್ಮನು ಆಳಿದ ಬಯಲಿಗೆ ಬರಲು ಒಂದು ತಲೆಮಾರಿನ ಕಾಲ ಹಿಡಿಯಿತು.

ಈಗ ಮೂರು ದೇಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಇಂಗ್ಲೆಂಡಿನಲ್ಲಿ ಅಂತಸ್ತು, ವೆಸ್ಟ್ ಇಂಡೀಸಿನಲ್ಲಿ ಬಣ್ಣ, ನಮ್ಮಲ್ಲಿ ಜಾತಿ. ಹೆಸರು ಬೇರೆಬೇರೆ, ಮೆಟ್ಟಿಲುಗಳ ಕ್ರಮ ಒಂದೇ. ಕೆಳಗಿನವನ ದುಡಿಮೆಯನ್ನು ಮೊದಲು ಒಪ್ಪಿಕೊಳ್ಳುತ್ತಾರೆ, ಏಕೆಂದರೆ ಅದಿಲ್ಲದೆ ಗೆಲವಿಲ್ಲ. ಅವನ ಸಹವಾಸವನ್ನು ಆಮೇಲೆ ಒಪ್ಪಿಕೊಳ್ಳುತ್ತಾರೆ. ಅವನ ಆಜ್ಞೆಯನ್ನು ಎಲ್ಲಕ್ಕೂ ಕಡೆಯಲ್ಲಿ. ವಿಕೆಟ್ಟು ಸಾವಿರಾರು ಜನರ ಕಣ್ಣೆದುರಿನಲ್ಲೇ ಉರುಳುತ್ತದೆ. ಅದನ್ನು ಇಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ. ಆದುದರಿಂದಲೇ ಇತರ ಕಡೆಗಳಿಗಿಂತ ಬಯಲಿನಲ್ಲಿ ಬಾಗಿಲು ಬೇಗ ತೆರೆಯಿತು. ಆದರೆ ನಾಯಕನಾಗುವ ಯೋಗ್ಯತೆಯನ್ನು ಎಣಿಸಿ ತೋರಿಸುವ ಪಟ್ಟಿ ಯಾವುದೂ ಇಲ್ಲ. ಅದನ್ನು ತೀರ್ಮಾನಿಸುವವರು ಮುಚ್ಚಿದ ಕೋಣೆಯಲ್ಲಿ ಕುಳಿತ ಕೆಲವರು. ಎಣಿಕೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೂರ್ವಗ್ರಹ ತಲೆಯೆತ್ತುತ್ತದೆ. ಇದು ಆಟಕ್ಕೆ ಮಾತ್ರ ಅನ್ವಯಿಸುವ ಮಾತೆಂದು ನಾವು ಭಾವಿಸುವುದಿಲ್ಲ.

ಆಟ ಜಾತಿಯನ್ನು ಅಳಿಸಿತೇ ಎಂದು ಕೆಲವರು ಕೇಳುವುದುಂಟು. ಅಳಿಸಿತೆಂದರೆ ಅತಿಶಯೋಕ್ತಿ, ಏನೂ ಮಾಡಲಿಲ್ಲವೆಂದರೆ ಕೃತಘ್ನತೆ. ಬಯಲಿನಲ್ಲಿ ಗಳಿಸಿದ ಮಾನ ಬಯಲಿನಾಚೆಗೂ ಹೋಯಿತು. ಅಂಬೇಡ್ಕರರು ತಮ್ಮ ಯೌವನದಲ್ಲಿ ಬಾಳೂ ಅವರನ್ನು ಅಭಿಮಾನದಿಂದ ಕಂಡಿದ್ದರು. ಅದೇ ಬಾಳೂ ಅವರು ೧೯೩೨ ರ ಪುಣೆ ಒಪ್ಪಂದದ ಮಾತುಕತೆಗಳಲ್ಲಿ ಜಂಟಿ ಮತಕ್ಷೇತ್ರಗಳ ಪರವಾಗಿ ನಿಂತರು. ೧೯೩೭ ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಅಂಬೇಡ್ಕರರನ್ನೇ ಎದುರಿಸಿದರು. ಅಂಬೇಡ್ಕರರಿಗೆ ೧೩,೨೪೫ ಮತಗಳು, ಬಾಳೂ ಅವರಿಗೆ ೧೧,೨೨೫. ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿದ ಆಟಗಾರನ ಹೆಸರಿಗೆ ರಾಜಕಾರಣದಲ್ಲಿಯೂ ಎಷ್ಟು ತೂಕ ಬಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವರು ೧೯೫೫ ರಲ್ಲಿ ತೀರಿಕೊಂಡರು.

ಮತದ ಹೆಸರಿನಲ್ಲಿ ಆಡುತ್ತಿದ್ದ ಆ ಸ್ಪರ್ಧೆಗಳೂ ಉಳಿಯಲಿಲ್ಲ. ೧೯೪೦ ರಲ್ಲಿ ಗಾಂಧೀಜಿಯವರು ಆಟದಲ್ಲಿ ಮತಭೇದ ಸಲ್ಲದೆಂದು ತಮ್ಮ ಅಭಿಪ್ರಾಯವನ್ನು ತಿಳಿಸಿದರು. ೧೯೪೬ ರ ಬಳಿಕ ಪಂಚಕೋನ ಸ್ಪರ್ಧೆ ನಿಂತುಹೋಯಿತು. ಪ್ರಾಂತಗಳ ಹೆಸರಿನಲ್ಲಿ ಆಡುವ ರಣಜಿ ಟ್ರೋಫಿ ಅದಕ್ಕೆ ಮೊದಲೇ ಹುಟ್ಟಿತ್ತು. ಅದರ ಮೊಟ್ಟಮೊದಲ ಪಂದ್ಯ ೧೯೩೪ ರ ನವೆಂಬರ್ ೪ ರಂದು ಮದರಾಸಿನ ಚೇಪಾಕಿನಲ್ಲಿ ನಮ್ಮ ಮೈಸೂರಿಗೂ ಮದರಾಸಿಗೂ ನಡೆದು, ಒಂದೇ ದಿನದಲ್ಲಿ ಮದರಾಸಿನ ಜಯದಲ್ಲಿ ಮುಗಿಯಿತು. ಮೈಸೂರು ಸೋತಿತೆಂಬುದು ನಿಜ; ಆದರೆ ತಂಡಕ್ಕೆ ಹೆಸರು ಕೊಟ್ಟದ್ದು ಮತವಲ್ಲ, ನಾಡು ಎಂಬುದೂ ನೆನಪಿಡತಕ್ಕ ವಿಷಯವೇ.

ಕಡೆಯದಾಗಿ ಒಂದು ಮಾತು. ಬಾಳೂ ಸಹೋದರರ ಕಥೆಯನ್ನು ವಿದ್ವತ್ಪ್ರಪಂಚಕ್ಕೆ ವಿಸ್ತಾರವಾಗಿ ತಿಳಿಸಿದವರು ರಾಮಚಂದ್ರ ಗುಹಾ ಅವರು; ಅವರ ಗ್ರಂಥ ಪ್ರಕಟವಾದದ್ದು ೨೦೦೨ ರಲ್ಲಿ. ಅವರಿಗೆ ನೆರವಾದ ಆಧಾರಗಳಲ್ಲಿ ಮುಖ್ಯವಾದುದೊಂದು, ವಿಠಲರು ೧೯೪೮ ರಲ್ಲಿ ಮರಾಠಿಯಲ್ಲಿ ಬರೆದು ಪ್ರಕಟಿಸಿದ ಆತ್ಮಕಥೆ. ಇಂಗ್ಲಿಷಿನ ಆಟದ ಪಟ್ಟಿಗಳು ಹೇಳದೆ ಬಿಟ್ಟುದನ್ನು ದೇಶಭಾಷೆಯ ಪುಸ್ತಕವೊಂದು ಕಾಪಾಡಿಕೊಂಡಿತ್ತು. ಇದರಿಂದ ನಾವು ಕಲಿಯತಕ್ಕದ್ದು ಬಹಳವಿದೆ. ನಮ್ಮ ಊರುಗಳ ಗರಡಿಮನೆಗಳು, ದಸರೆಯಲ್ಲಿ ಜಟ್ಟಿಗಳು ನಡೆಸಿಕೊಂಡು ಬಂದ ವಜ್ರಮುಷ್ಟಿ ಕಾಳಗ, ಹಳೆಯ ಶಾಲಾಕಾಲೇಜುಗಳ ಆಟದ ಸಂಘಗಳು—ಇವಕ್ಕೆಲ್ಲ ಚರಿತ್ರೆಯುಂಟು. ಅದು ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ, ಸಂಘದ ಖರ್ಚಿನ ಪುಸ್ತಕಗಳಲ್ಲಿ, ಮಾಸಿದ ಛಾಯಾಚಿತ್ರಗಳಲ್ಲಿ, ಮುದುಕರ ನೆನಪಿನಲ್ಲಿ ಅಡಗಿದೆ. ಅಂಥ ಪುಸ್ತಕವೊಂದು ತಮ್ಮ ಮನೆಯಲ್ಲಿದ್ದರೆ ಶ್ರೋತೃಗಳು ಅದನ್ನು ರದ್ದಿಗೆ ಹಾಕದಿರಲಿ. ಹಳೆಯ ತಂಡದ ಚಿತ್ರವೊಂದು ಕೈಗೆ ಸಿಕ್ಕಿದರೆ, ನಡುವೆ ಬೆಳ್ಳಿಯ ಬಟ್ಟಲನ್ನು ಹಿಡಿದು ಕುಳಿತವರ ಹೆಸರನ್ನು ಮಾತ್ರವಲ್ಲದೆ, ಅಂಚಿನಲ್ಲಿ ಕೈಕಟ್ಟಿ ನಿಂತವನ ಹೆಸರನ್ನೂ ಹಿರಿಯರಿಂದ ಕೇಳಿ ಬರೆದಿಡಲಿ. ಬಯಲನ್ನು ಗುಡಿಸಿದವನು ಆತನೇ ಇರಬಹುದು. ಊರಿನ ಅತ್ಯುತ್ತಮ ಆಟಗಾರನೂ ಆತನೇ ಇರಬಹುದು.